ಗಲತಿ ಲೆಕ್ಚರು ಮತ್ತು ಒಂದು ಗುಲಾಬಿ ಕನ್ನಡಿ

ನನ್ನ ದವಾಖಾನೆಯಲ್ಲಿ, ಹಲ್ಲಿನ ಕುರ್ಚಿಯ ಬಲಗೈ ಪಕ್ಕಕ್ಕೆ, ಗೋಡೆಯ ಮೊಳೆಗೆ ಒಂದು ಕೈಗನ್ನಡಿ ತೂಗುಬಿದ್ದಿದೆ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚೌಕಟ್ಟು, ಹಿಂಬದಿಗೆ ನವಿಲಿನ ಚಿತ್ರ. ನವಿಲಿನ ಒಂದು ಕಣ್ಣು ಅಳಿಸಿಹೋಗಿದೆ. ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ಬಳೆ, ಬಿಂದಿ, ಗಂಗಾಜಲದ ತಂಬಿಗೆಗಳ ನಡುವೆ ಮಾರುತ್ತಾರಲ್ಲ, ಅಂಥ ಮಾಲು. ಔಷಧಿ ಕಂಪನಿಯ ಪ್ರತಿನಿಧಿಯೊಬ್ಬ, ಬಹಳ ವಿನಯದಿಂದ, ‘ಡಾಕ್ಟರ್ ಸಾಬ್, ಇದನ್ನೊಂದು ತೆಗೆದುಬಿಟ್ಟರೆ ಕ್ಲಿನಿಕ್ಕಿಗೆ ಒಂದು ಕಳೆ ಬರುತ್ತದೆ’ ಎಂದ. ಅವನ ಕಂಪನಿಯ ಕ್ಯಾಲೆಂಡರನ್ನು ತೆಗೆದೆ. ಕನ್ನಡಿ ಉಳಿಯಿತು.

ಕುರ್ಚಿಗೆ ಯಾರೇ ಬಂದು ಕೂರಲಿ, ವಿಶ್ವವಿದ್ಯಾಲಯದ ಮೇಷ್ಟರಿರಲಿ, ಲಂಕಾ ಪೇಟೆಯ ಲಸ್ಸಿ ಅಂಗಡಿಯವನಿರಲಿ, ಗಂಗೆಯಾಚೆಯ ರಾಮನಗರದಿಂದ ಸೇತುವೆ ದಾಟಿ ಬಂದ ನೇಕಾರನಿರಲಿ, ಮೊದಲು ಈ ಕನ್ನಡಿಯನ್ನು ಅವರ ಕೈಗೆ ಕೊಡುತ್ತೇನೆ. ‘ಯಾವ ಹಲ್ಲು, ನಿಮ್ಮ ಬೆರಳಿನಿಂದಲೇ ಮುಟ್ಟಿ ತೋರಿಸಿ’ ಎನ್ನುತ್ತೇನೆ. ತೋರಿಸುತ್ತಾರೆ. ಎಲ್ಲ ಪರೀಕ್ಷೆ ಮುಗಿದ ಮೇಲೆ ಮತ್ತೆ ಕನ್ನಡಿ ಹಿಡಿಸಿ, ‘ನಾನು ಕೀಳುವುದು ಇದನ್ನು. ಸರಿಯಾಗಿ ನೋಡಿಕೊಳ್ಳಿ. ಹೂಂ ಅನ್ನಿ’ ಎನ್ನುತ್ತೇನೆ. ಹೂಂ ಅನ್ನುತ್ತಾರೆ. ಚುಚ್ಚುಮದ್ದು ಕೊಡುವ ಮುಂಚೆ ಇನ್ನೊಂದು ಸಲ ಕೇಳುತ್ತೇನೆ. ಈ ಮೂರನೆಯ ಸಲಕ್ಕೆ ‘ಇವನಿಗೇ ಗೊತ್ತಿಲ್ಲ, ನನ್ನನ್ನು ಕೇಳುತ್ತಿದ್ದಾನೆ’ ಎಂದು ಎದ್ದು ಹೋದವರೂ ಇದ್ದಾರೆ. ಹೋಗಲಿ. ಹಲ್ಲಾದರೂ ಅವರ ಬಾಯಲ್ಲೇ ಉಳಿಯಿತಲ್ಲ.

ನೀವು ಇದನ್ನು ಎಚ್ಚರಿಕೆ ಎಂದುಕೊಂಡರೆ ನನಗೆ ಸಂತೋಷ. ನನ್ನ ಹೆಂಡತಿ ಸುಮಂಗಲಾ ಇದನ್ನು ರೋಗ ಎನ್ನುತ್ತಾಳೆ. ನಾನು ಹುಟ್ಟಾ ಚಿಂತೆಗಾರ. ಮನೆಗೆ ಬೀಗ ಹಾಕಿ ಬೀದಿಯ ತುದಿಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು, ಹಾಕಿದ್ದು ಖಾತ್ರಿಯಾದ ಮೇಲೆ, ಈಗ ಎಳೆದು ನೋಡಿದ ಜೋರಿಗೆ ಬೀಗವೇ ಸಡಿಲವಾಯಿತೇನೋ ಎಂದು ನಿಂತುಬಿಡುವ ಜಾತಿ. ರೈಲಿನಲ್ಲಿ ಕೆಳಗಿನ ಬರ್ತ್ ಸಿಕ್ಕರೆ ಮೇಲಿನವನ ಭಾರದ ಚಿಂತೆ, ಮೇಲಿನದು ಸಿಕ್ಕರೆ ಕೆಳಗಿನವನ ಆಯುಷ್ಯದ ಚಿಂತೆ. ನಲವತ್ತು ದಾಟಿದ ಮೇಲೆ ಇದು ಕಡಿಮೆಯಾದೀತೆಂದು ಯಾರೋ ಹೇಳಿದ್ದರು. ಕಡಿಮೆಯಾಗದಿದ್ದರೆ ಏನು ಗತಿ ಎಂಬ ಚಿಂತೆಯಲ್ಲಿ ನಲವತ್ತು ದಾಟಿತು.

ಗದಗಿನ ಕಡೆಯವನಾದ ನಾನು ಹಲ್ಲಿನ ದೊಡ್ಡ ಓದು ಓದಲು ಕಾಶಿಗೆ ಬಂದು ಇನ್ನೂ ಹಾಸಿಗೆ ಬಿಚ್ಚಿರಲಿಲ್ಲ, ಅವ್ವನ ಕಾರ್ಡು ಬಂತು. ‘ಕಾಶಿಯೊಳಗ ಏನು ಬಿಟ್ಟಿ, ತಿಳಿಸು.’ ಕಾಶಿಗೆ ಬಂದವರು ತಮಗೆ ಪ್ರೀತಿಯಾದ ತಿನಿಸೊಂದನ್ನು ಗಂಗೆಯಲ್ಲಿ ಬಿಟ್ಟುಬಿಡಬೇಕು, ಸಾಯುವತನಕ ಮುಟ್ಟಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಮೊದಲು ಚಿಂತೆಯನ್ನೇ ಬಿಡೋಣವೆಂದುಕೊಂಡೆ. ಅದು ತಿನಿಸಲ್ಲ, ಅದೇ ನನ್ನನ್ನು ತಿನ್ನುವುದು ಎಂದು ಹೊಳೆಯಿತು. ಕೊನೆಗೆ ಹಾಗಲಕಾಯಿ ಬಿಟ್ಟೆನೆಂದು ಬರೆದೆ. ಹುಟ್ಟಿದಾಗಿನಿಂದ ನಾನು ಹಾಗಲಕಾಯಿ ತಿಂದವನಲ್ಲ. ಅವ್ವ ಮರುಟಪಾಲಿಗೆ ಬರೆದಳು: ‘ಗಂಗವ್ವಗೂ ಸುಳ್ಳು ಹೇಳ್ದಿ. ನಾಳೆ ಯಾರಿಗೆ ಖರೇ ಹೇಳ್ತಿ?’ ಆ ಕಾರ್ಡು ನನ್ನ ಪೆಟ್ಟಿಗೆಯಲ್ಲಿ ಬಹಳ ದಿನ ಇತ್ತು. ಆಗಾಗ ಕೈಗೆ ಸಿಕ್ಕು ಚುಚ್ಚುತ್ತಿತ್ತು.

ಓದು ಮುಗಿದ ಮೇಲೂ ನಾನು ಇಲ್ಲೇ ಉಳಿದೆ. ಲಂಕಾ ಪೇಟೆಯಲ್ಲಿ ಒಂದು ಪುಸ್ತಕದಂಗಡಿಯ ಮಹಡಿಯ ಮೇಲೆ ದವಾಖಾನೆ ಹಾಕಿದೆ. ಕೆಳಗೆ ಪರೀಕ್ಷೆಗೆ ಓದುವ ಹುಡುಗರ ಗದ್ದಲ, ಮೇಲೆ ಹಲ್ಲುನೋವಿನವರ ಗದ್ದಲ. ಉಳಿಯಲು ಊರಿನ ಮೇಲಿನ ಮೋಹ ಎಷ್ಟು ಕಾರಣವೋ, ನಮ್ಮ ಚತುರ್ವೇದಿ ಸರ್ ಮೇಲಿನ ಭಕ್ತಿಯೂ ಅಷ್ಟೇ ಕಾರಣ. ವಿಶ್ವವಿದ್ಯಾಲಯದ ದಂತ ವಿಭಾಗಕ್ಕೆ ಅವರು ಮುಖ್ಯಸ್ಥರು. ಕುಳ್ಳು ದೇಹ, ಎತ್ತರದ ದನಿ. ಬನಾರಸಿನಲ್ಲಿ ಹುಟ್ಟಿಬೆಳೆದೂ ಒಂದೇ ಒಂದು ಪಾನ್ ಬಾಯಿಗಿಡದ ಏಕೈಕ ಪ್ರಾಣಿ ತಾನು ಎಂದು ಹೇಳಿಕೊಳ್ಳುತ್ತಿದ್ದರು. ‘ಊರೆಲ್ಲ ಪಾನ್ ತಿಂದು ನನ್ನ ಹೊಟ್ಟೆ ಹೊರೆಯುವಾಗ ನಾನೂ ತಿನ್ನುವುದು ದುರಾಸೆಯಾಗುತ್ತದೆ ಬೇಟಾ’ ಎನ್ನುತ್ತಿದ್ದರು.

ಪ್ರತಿ ಚಳಿಗಾಲದಲ್ಲಿ ಒಂದು ಭಾನುವಾರ ಹಳೆಯ ವಿದ್ಯಾರ್ಥಿಗಳ ಕೂಟ. ಬೆಳಗ್ಗೆ ಎಲ್ಲ ಕಡೆ ನಡೆಯುವಂಥ ಉಪನ್ಯಾಸಗಳೇ. ದೆಹಲಿ, ಕಲಕತ್ತೆಗಳಲ್ಲಿ ಹೆಸರು ಮಾಡಿದವರು ಸ್ಲೈಡುಗಳ ಡಬ್ಬಿ ಹಿಡಿದು ಬರುತ್ತಿದ್ದರು. ಕತ್ತಲೆಯಲ್ಲಿ ಒಂದಾದ ಮೇಲೊಂದು ನಗು ಬೀಳುತ್ತಿತ್ತು, ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು. ಚತುರ್ವೇದಿ ಸರ್ ಮೊದಲ ಸಾಲಿನಲ್ಲಿ ಕೂತು ಸುಖವಾಗಿ ನಿದ್ದೆ ಮಾಡುತ್ತಿದ್ದರು. ಮಧ್ಯಾಹ್ನ ಹುಲ್ಲುಹಾಸಿನ ಮೇಲೆ ಚೂಡಾ-ಮಟರ್, ಎಂದರೆ ಹಸಿ ಬಟಾಣಿಯನ್ನು ತುಪ್ಪದಲ್ಲಿ ಬಾಡಿಸಿ ಹಾಕಿದ ಅವಲಕ್ಕಿ. ಅದು ಮುಗಿದು ಚಾ ಬಂದ ಮೇಲೆ ಸರ್ ಎಚ್ಚರಗೊಳ್ಳುತ್ತಿದ್ದರು. ಕೂಟದ ಕೊನೆಯ ಗಂಟೆ ಅವರದು. ಅದಕ್ಕೆ ಎಲ್ಲರೂ ಕರೆಯುತ್ತಿದ್ದ ಹೆಸರು ಗಲತಿ ಲೆಕ್ಚರು.

ಅಂದರೆ ತಪ್ಪಿನ ಉಪನ್ಯಾಸ. ವರ್ಷಕ್ಕೊಬ್ಬ ಹಳೆಯ ವಿದ್ಯಾರ್ಥಿ ಎದ್ದು ನಿಂತು, ತಾನು ಮಾಡಿದ ಒಂದು ತಪ್ಪನ್ನು ಎಲ್ಲರ ಮುಂದೆ ಹೇಳಬೇಕು. ‘ಗೆದ್ದ ಕೇಸಿನಿಂದ ಯಾರು ಏನು ಕಲಿತಿದ್ದಾರೆ? ಗೆದ್ದವನ ಟೈ ಯಾವ ಬಣ್ಣದ್ದು ಅಂತ ನೋಡುತ್ತಾರೆ, ಅಷ್ಟೇ’ ಎನ್ನುತ್ತಿದ್ದರು ಸರ್. ಇದಕ್ಕೆ ಎರಡು ಕಟ್ಟಳೆ. ಒಂದು, ‘ಲೇಕಿನ್’, ಎಂದರೆ ‘ಆದರೆ’, ಅನ್ನಬಾರದು. ‘ತಪ್ಪಾಯಿತು, ಲೇಕಿನ್ ಆವತ್ತು ಕರೆಂಟಿರಲಿಲ್ಲ’ ಎಂದು ಶುರು ಮಾಡಿದಿರೋ, ಸರ್ ತಮ್ಮ ತೊಡೆಯ ಮೇಲಿನ ಸ್ಟೀಲ್ ಟ್ರೇಗೆ ಚಮಚದಿಂದ ಟಣ್ ಎಂದು ಬಾರಿಸುತ್ತಿದ್ದರು. ಮತ್ತೆ ಮೊದಲಿನಿಂದ ಹೇಳಬೇಕು. ಎರಡನೆಯದು ಇದಕ್ಕಿಂತ ಕಠಿಣ. ಸಭೆಗೆ ಹೇಳುವ ಮುಂಚೆ ರೋಗಿಗೆ ಹೇಳಿರಬೇಕು. ‘ಯಾರ ಬಾಯಿಯೋ ಅವರಿಗೆ ಮೊದಲು. ನಮಗೆ ಎರಡನೆಯ ಪಾಲು.’

ಈ ಪದ್ಧತಿಯ ಮೊದಲ ಉಪನ್ಯಾಸ ಅವರದೇ. ನಾನು ಆಗ ವಿದ್ಯಾರ್ಥಿ, ಹಿಂದಿನ ಸಾಲಿನಲ್ಲಿದ್ದೆ. ರಾಮನಗರದ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನೊಬ್ಬನಿಗೆ ಮುಂದಿನ ಹಲ್ಲುಗಳು ಮುರಿದಿದ್ದವು. ಸರ್ ಅವನಿಗೆ ಹೊಸ ಹಲ್ಲು ಕೂರಿಸಿದರು. ಎಷ್ಟು ಚೆನ್ನಾಗಿ ಎಂದರೆ ಅದರ ಫೋಟೋ ತೆಗೆಸಿ ಗೋಡೆಗೆ ಹಾಕಿದ್ದರು. ಲಗ್ನದ ಕಾಲ ಬಂತು. ಕ್ಲಾರಿನೆಟ್ ಬಾಯಿಗಿಟ್ಟರೆ ಬರೀ ಗಾಳಿ. ತುಟಿಗೂ ಹಲ್ಲಿಗೂ ಇದ್ದ ಹಳೆಯ ಹೊಂದಾಣಿಕೆ ಹೋಗಿತ್ತು. ‘ನಾನು ಅವನ ಹಲ್ಲು ನೋಡಿದೆ. ಆ ಹಲ್ಲಿನಿಂದ ಅವನು ಏನು ಮಾಡುತ್ತಾನೆ ಅಂತ ಕೇಳಲಿಲ್ಲ’ ಎಂದರು ಸರ್. ಆಮೇಲೆ ಹನ್ನೊಂದು ಸಂಜೆ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಎಳೆ ಉಜ್ಜುವುದು, ಊದು ಅನ್ನುವುದು, ಮತ್ತೊಂದು ಎಳೆ ಉಜ್ಜುವುದು. ಹನ್ನೊಂದನೆಯ ಸಂಜೆ ಸ್ವರ ಹೊರಟಿತು. ಹಲ್ಲು ಸೊಟ್ಟಗೆ ಕಾಣತೊಡಗಿತು, ಫೋಟೋ ಗೋಡೆಯಿಂದ ಇಳಿಯಿತು. ಇಷ್ಟು ಹೇಳಿ ಸರ್ ಬಾಗಿಲ ಕಡೆ ಕೈ ಮಾಡಿದರು. ಕೆಂಪು ಕೋಟಿನ ಆ ಮನುಷ್ಯ ಒಳಗೆ ಬಂದು, ಸೊಟ್ಟ ಹಲ್ಲಿನಲ್ಲಿ ನಕ್ಕು, ಬಾರಾತಿನ, ಎಂದರೆ ದಿಬ್ಬಣದ, ಒಂದು ತುಣುಕು ಊದಿದ. ಅಷ್ಟು ದೊಡ್ಡ ವಿದ್ವಾಂಸರು ತಮ್ಮ ತಪ್ಪನ್ನು ಹಾಗೆ ಕೈಹಿಡಿದು ಸಭೆಗೆ ಕರೆತಂದದ್ದನ್ನು ನೋಡಿ ನಾನು ಕೂತಲ್ಲಿಂದ ಎದ್ದು ನಿಂತುಬಿಟ್ಟೆ. ಜೊತೆಗೇ, ಮುಂದೊಂದು ದಿನ ನನ್ನ ಪಾಳಿ ಬಂದರೆ, ಎಂಬ ಚಿಂತೆಯೂ ಅಲ್ಲೇ ಹುಟ್ಟಿತು.

ಪಾಳಿ ತಿಳಿಸುವ ರೀತಿಯೂ ಸೊಗಸು. ಪಾಠಕ್ಕೆಂದು ಮಾಡಿದ, ಗಜ್ಜುಗದ ಕಾಯಿಗಿಂತ ದೊಡ್ಡದಾದ ಪ್ಲಾಸ್ಟರಿನ ದವಡೆಹಲ್ಲು ಒಂದಿತ್ತು. ಆ ವರ್ಷ ಮಾತಾಡಿದವರು ಚಾ ಹೊತ್ತಿಗೆ ಅದನ್ನು ತಂದು, ಮುಂದಿನ ವರ್ಷ ಮಾತಾಡಬೇಕಾದವರ ಬಸಿಯಲ್ಲಿ ಸದ್ದಿಲ್ಲದೆ ಇಟ್ಟು ಹೋಗುತ್ತಿದ್ದರು. ಆದ್ದರಿಂದ ನಾನು ಎಂಟು ವರ್ಷ ಬಸಿಯಿಲ್ಲದೆ, ಬರೀ ಕಪ್ಪು ಹಿಡಿದು ಚಾ ಕುಡಿದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ವರ್ಷ ಮಾತಾಡಿದ ಪಟ್ನಾದ ಡಾಕ್ಟರಮ್ಮ ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಮನೆಗೆ ಬಂದು ಕೋಟಿನ ಜೇಬಿಗೆ ಕೈ ಹಾಕಿದರೆ ಹಲ್ಲು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟೊತ್ತು ಸುತ್ತಿ ಬಳಸಿ ಬಂದದ್ದು ಇದನ್ನು ಮುಂದೂಡಲಿಕ್ಕೇ ಎಂದು ನಿಮಗೆ ಗೊತ್ತಾಗಿರಬೇಕು.

ನಮ್ಮ ಕಡೆಯ ಮಠವೊಂದು ಕಾಶಿಯಲ್ಲಿದೆ. ಅಲ್ಲಿಯ ಹಿತ್ತಲ ಕೋಣೆಗಳಲ್ಲಿ, ಕೊನೆಗಾಲವನ್ನು ಇಲ್ಲೇ ಕಳೆಯಲೆಂದು ಕರ್ನಾಟಕದ ಹಳ್ಳಿಗಳಿಂದ ಬಂದ ಕೆಲವು ಮುದುಕಿಯರು ಇರುತ್ತಾರೆ. ಅವರಲ್ಲಿ ರೋಣದ ಕಡೆಯ ಬಸಲಿಂಗವ್ವ ಎಂಬವರು. ಎಲ್ಲರಿಗೂ ಆಯಿ. ‘ಸಾಯಾಕ ಅಂತ ಬಂದೆ, ಪುರುಸೊತ್ತು ಆಗವಲ್ತು’ ಎಂದು ಹೇಳುತ್ತ ಏಳೆಂಟು ವರ್ಷದಿಂದ ಮಠದ ಅಡುಗೆಮನೆಯನ್ನು ಅಂಕೆಯಲ್ಲಿಟ್ಟವರು. ಕಾಶಿಗೆ ಬಂದ ದಿನ ಆಯಿ ಮಾವಿನಹಣ್ಣು ಬಿಟ್ಟಿದ್ದರು. ಲಂಗಡಾ ಮಾವು ಬೀದಿಬೀದಿಯಲ್ಲಿ ಗುಡ್ಡೆ ಬೀಳುವ ಬನಾರಸಿಗೆ ಬಂದು ಮಾವು ಬಿಡುವುದೆಂದರೆ ಏನು ಎಂಬುದು ಜ್ಯೇಷ್ಠಮಾಸದಲ್ಲಿ ಇಲ್ಲಿ ಓಡಾಡಿದವರಿಗೆ ಗೊತ್ತು. ಹಣ್ಣಿನ ಗಾಡಿ ಬಂದರೆ ಆಯಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು, ಹೊಲಸು ಬಂದಂತೆ.

ಒಂದು ದಿನ ಆಯಿಗೆ ಹಲ್ಲುನೋವು. ಬಲಗಡೆ ಕೆಳಗಿನ ಸಾಲಿನ ಕೊನೆಯ ಮೂರು ದವಡೆಹಲ್ಲುಗಳಲ್ಲಿ ಯಾವುದೋ ಒಂದು. ಇಂಥ ನೋವಿನಲ್ಲಿ ಯಾವುದೆಂದು ರೋಗಿಗೆ ಖಚಿತವಾಗಿ ಹೇಳಲು ಬರುವುದಿಲ್ಲ. ಎಲೆಅಡಿಕೆಯ ಕರೆಗಟ್ಟಿ ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಇದ್ದವು. ಎಕ್ಸ್‌ರೇ ತೆಗೆದೆ. ಆ ಪುಟ್ಟ ಫಿಲ್ಮಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಉಬ್ಬು ಚುಕ್ಕೆ ಇರುತ್ತದೆ. ಉಬ್ಬು ನಮ್ಮ ಕಡೆ ಬರುವಂತೆ ಹಿಡಿದು ನೋಡಬೇಕು. ಉಲ್ಟಾ ಹಿಡಿದರೆ ಮುಂದಿನ ಹಲ್ಲು ಹಿಂದೆ, ಹಿಂದಿನದು ಮುಂದೆ ಕಾಣುತ್ತದೆ. ಮೊದಲ ವರ್ಷದ ಹುಡುಗರಿಗೂ ಗೊತ್ತಿರುವ ವಿಷಯ. ಚಿಂತೆಗಾರನಾದ ನಾನು ಫಿಲ್ಮನ್ನು ಬೆಳಕಿಗೆ ಹಿಡಿದು ಮೂರು ಸಲ ನೋಡಿದೆ. ಮೂರು ಸಲವೂ ಉಲ್ಟಾ ಹಿಡಿದು ನೋಡಿದೆ. ಒಂದು ತಪ್ಪನ್ನು ಎಷ್ಟು ಸಲ ಪರೀಕ್ಷಿಸಿದರೂ ಅದು ತಪ್ಪಾಗಿಯೇ ಇರುತ್ತದೆ ಎಂಬುದು ನನಗೆ ಆವರೆಗೆ ಹೊಳೆದಿರಲಿಲ್ಲ.

ಮೂರರಲ್ಲಿ ಮುಂದಿನ ಹಲ್ಲು ಇಕ್ಕುಳದಲ್ಲಿ ಬಂತು. ಬೇರುಗಳು ನೆಟ್ಟಗೆ, ಗಟ್ಟಿಯಾಗಿ, ದಂತದ ಬಣ್ಣ. ಇನ್ನೂ ಇಪ್ಪತ್ತು ವರ್ಷ ಚಕ್ಕುಲಿ ಕಡಿಯಬಹುದಾಗಿದ್ದ ಹಲ್ಲು. ಫಿಲ್ಮನ್ನು ತಿರುಗಿಸಿ ಹಿಡಿದೆ, ಉಬ್ಬು ಈಗ ನನ್ನ ಕಡೆ ಬಂತು. ಆಯಿ ಅದನ್ನು ಕೇಳಿ ಪಡೆದು, ನೋಡದೆ ಸೆರಗಿಗೆ ಕಟ್ಟಿಕೊಂಡು, ‘ಕೈ ಹಗುರ ಐತಿ ನಿಂದು, ತಮ್ಮಾ’ ಎಂದು ಹರಸಿ ಹೋದರು. ಎಂಟು ದಿನಕ್ಕೆ ಮತ್ತೆ ನೋವು ಹೊತ್ತು ಬಂದರು. ಆಗ ನಾನು ನಿಜವಾಗಿ ಕೆಟ್ಟಿದ್ದ ಕೊನೆಯ ಹಲ್ಲನ್ನು ಕಿತ್ತು, ‘ಇದೂ ಕೆಟ್ಟಿತ್ತರಿ ಆಯಿ’ ಎಂದೆ. ಇದೂ. ಅಷ್ಟೇ ನಾನು ಹೇಳಿದ ಸುಳ್ಳು. ಹಾಗಲಕಾಯಿಯ ಸುಳ್ಳಿಗಿಂತ ಚಿಕ್ಕದು, ನುಂಗಲಿಕ್ಕೆ ಮಾತ್ರ ಅದಕ್ಕಿಂತ ಕಹಿ.

ಅಲ್ಲಿಂದ ನಾಲ್ಕು ವರ್ಷ ಆಯಿ ತಿಂಗಳಿಗೊಮ್ಮೆ ನನ್ನ ಕೈಗುಣಕ್ಕೆ ಮೆಚ್ಚಿ ಶೇಂಗಾ ಚಟ್ನಿಪುಡಿಯ ಡಬ್ಬಿ ಕಳಿಸಿದರು. ಮಠದ ಸ್ವಾಮಿಗಳನ್ನು, ಅಡುಗೆಯವರನ್ನು, ಊರಿಂದ ಬಂದ ಯಾತ್ರಿಕರನ್ನು, ಹಲ್ಲು ನೋಯಲಿ ಬಿಡಲಿ, ನನ್ನ ಹತ್ತಿರ ಅಟ್ಟಿದರು. ಈ ಊರಲ್ಲಿ ಕನ್ನಡದವರೆಂದರೆ ಬೆರಳೆಣಿಕೆಯ ಜನ. ಅವರೆಲ್ಲರ ಬಾಯಿಯೂ ನನ್ನ ಮೇಲಿನ ಆಯಿಯ ನಂಬಿಕೆಯಿಂದ ತೆರೆದದ್ದು. ಚಟ್ನಿಪುಡಿ ಮಾತ್ರ ಬಹಳ ರುಚಿಯಾಗಿರುತ್ತಿತ್ತು. ಪಶ್ಚಾತ್ತಾಪದಿಂದ ಹಸಿವು ಕಡಿಮೆಯಾಗುತ್ತದೆ ಎಂದು ಹೇಳುವವರಿಗೆ ಎರಡರ ಅನುಭವವೂ ಇರಲಾರದು.

ಪ್ಲಾಸ್ಟರಿನ ಹಲ್ಲು ಮನೆಗೆ ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸ, ಬೇರೆ ತಪ್ಪು ಹುಡುಕಿದ್ದು. ಬೇಸಿಗೆಯಲ್ಲಿ ಒಂದು ಒಳ್ಳೆಯದೇ ಸಿಕ್ಕಿತು. ಬಹಳ ಹಿಂದೆ ಒಬ್ಬರ ಹಲ್ಲಿನ ಬೇರು ಶುಚಿ ಮಾಡುವಾಗ ಸೂಜಿಯ ತುದಿ ಮುರಿದು ಒಳಗುಳಿದಿತ್ತು. ಸರ್ ಬಳಿ ಹೋಗಿ ಅದನ್ನು ಹೇಳುತ್ತೇನೆಂದೆ.

‘ಮರೀಜನಿಗೆ, ಆ ರೋಗಿಗೆ, ಹೇಳಿದೆಯಾ?’ ಎಂದರು ಸರ್.

‘ಅವರು ತೀರಿಕೊಂಡರು ಸರ್. ಹಲ್ಲಿನಿಂದಲ್ಲ.’

‘ಒಳ್ಳೆಯ ಮನುಷ್ಯ. ನಿನ್ನ ಅನುಕೂಲಕ್ಕೆ ತೀರಿಕೊಂಡ.’ ಕನ್ನಡಕ ತೆಗೆದು ಒರೆಸಿದರು. ‘ನೋಡು ಬೇಟಾ, ಆ ಪ್ಲಾಸ್ಟರ್ ಹಲ್ಲು ಕೈಗೆ ಬಂದ ಕ್ಷಣ ಮನಸ್ಸಿಗೆ ಬಂತಲ್ಲ ಒಂದು ಹೆಸರು, ಆ ಮರೀಜ್ ಬದುಕಿದ್ದಾರೋ ಇಲ್ಲವೋ?’

ನಾನು ಮೇಜಿನ ಮೇಲಿದ್ದ ಕಾಗದಗಳ ಅಂಚು ಸರಿ ಮಾಡತೊಡಗಿದೆ.

‘ಹಾಗಾದರೆ ಬದುಕಿದ್ದಾರೆ. ಹೋಗು. ಅವರಿಗೆ ಹೇಳಿದ ಮೇಲೆ, ಸಭೆಯಲ್ಲಿ ಹೇಳುವ ಮನಸ್ಸಾಗದಿದ್ದರೆ ಹೇಳಬೇಡ. ನನ್ನದೇನೂ ಬಲವಂತವಿಲ್ಲ.’

ಬಲವಂತ ಮಾಡಿದ್ದರೆ ಜಗಳವಾಡಬಹುದಿತ್ತು. ದೊಡ್ಡವರ ಒಳ್ಳೆಯತನದಲ್ಲಿ ಇದೊಂದು ಅನ್ಯಾಯವಿರುತ್ತದೆ.

ಮಳೆಗಾಲ ಹೋಯಿತು, ದಸರೆ ಹೋಯಿತು, ದೀಪಾವಳಿ ಹೋಯಿತು. ಕೂಟಕ್ಕೆ ತಿಂಗಳಿರುವಾಗ ಸುಮಂಗಲಾ ಚಟ್ನಿಪುಡಿಯ ಖಾಲಿ ಡಬ್ಬಿ ತೊಳೆದು ನನ್ನ ಕೈಗಿಟ್ಟು, ‘ನೀವೇ ಕೊಟ್ಟು ಬರ್ರಿ. ಅಲ್ಲೀತನಕ ನಾ ನಿಮಗ ಈ ಮನ್ಯಾಗ ಚಟ್ನಿ ಬಡಸೂದಿಲ್ಲ’ ಎಂದಳು. ಅವಳಿಗೆ ನಾಲ್ಕು ವರ್ಷದಿಂದ ಗೊತ್ತು. ಚಿಂತೆಗಾರರ ಹೆಂಡಂದಿರಿಗೆ ಎಲ್ಲ ಗೊತ್ತಿರುತ್ತದೆ, ನಾವು ನಿದ್ದೆಯಲ್ಲೂ ಗೊಣಗುತ್ತೇವೆ.

ಮಠದ ಹಿತ್ತಲಿನಲ್ಲಿ ಆಯಿ ಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಬಿಡಿಸುತ್ತಿದ್ದರು. ಡಬ್ಬಿ ಪಕ್ಕಕ್ಕಿಟ್ಟು ನಾನೂ ಕೂತು ಎರಡು ಕಾಯಿ ಬಿಡಿಸಿದೆ. ಮೂರನೆಯ ಕಾಯಿ ಬಿಡಿಸುವಾಗ ಹೇಳಿದೆ.

‘ಆಯಿ, ನಿಮ್ಮ ಹಲ್ಲು ಕಿತ್ತಿದ್ದೆ, ನೆನಪೈತೇನ್ರಿ?’

‘ನೆನಪಿಲ್ಲದ ಏನು. ಎರಡು ಕಿತ್ತೀ.’

‘ಮೊದಲನೇದು ಕೀಳಬಾರದಿತ್ತರಿ. ಅದು ಚಲೋ ಹಲ್ಲು. ತಪ್ಪಿ ಕಿತ್ತೆ.’

ಆಯಿಯ ಹೆಬ್ಬೆರಳು ಕಾಯಿಯ ನಡುವೆ ನಿಂತಿತು.

‘ಆವತ್ತ ಗೊತ್ತಾತೋ, ಆಮ್ಯಾಲ ಗೊತ್ತಾತೋ?’

ವಕೀಲರು ಕೂಡ ಇಷ್ಟು ನೇರವಾಗಿ ಕೇಳಲಾರರು. ‘ಆವತ್ತರಿ’ ಎಂದೆ.

‘ನಾಕು ವರ್ಷ ಚಟ್ನಿಪುಡಿ ತಿಂದಿ.’

‘ತಿಂದೇನ್ರಿ.’

‘ಖಾರ ಹತ್ತಲಿಲ್ಲ?’

ಕೂಟದ ವಿಷಯ, ಸರ್ ವಿಷಯ ಎಲ್ಲ ಹೇಳಿದೆ. ಎಲ್ಲರ ಮುಂದೆ ಹೇಳಲೋ ಬೇಡವೋ, ನೀವು ಅಂದಂತೆ ಎಂದೆ. ಆಯಿ ಡಬ್ಬಿ ತೆಗೆದುಕೊಂಡು, ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿ, ಒಳಗಿಟ್ಟರು. ‘ಯಾವ ದಿನ ಐತಿ?’ ಎಂದರು. ಹೇಳಿದೆ. ‘ಹೋಗು ಇನ್ನ’ ಎಂದರು. ಬಟಾಣಿಯ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ನಡೆದೇಬಿಟ್ಟರು.

ಆ ತಿಂಗಳು ಡಬ್ಬಿ ಬರಲಿಲ್ಲ. ಮಠದಿಂದ ಒಬ್ಬ ರೋಗಿಯೂ ಬರಲಿಲ್ಲ. ಚಳಿಗೆ ಹಲ್ಲುನೋವು ಹೆಚ್ಚಬೇಕಲ್ಲವೇ ಎಂದು ಸುಮಂಗಲಾಳನ್ನು ಕೇಳಿದೆ. ‘ನಿಮಗ ಹೆಚ್ಚಾಗೇತಲ್ಲ, ಸಾಕು’ ಎಂದಳು. ಪೇಟೆಯಲ್ಲಿ ಮಠದ ಅಡುಗೆಯವರು ದೂರದಿಂದ ಕಂಡರೆ ನಾನು ಪುಸ್ತಕದಂಗಡಿಯೊಳಗೆ ಹೊಕ್ಕು, ಬ್ಯಾಂಕ್ ಪರೀಕ್ಷೆಯ ಗೈಡು ತಿರುವುತ್ತ ನಿಲ್ಲುತ್ತಿದ್ದೆ. ಅಂಗಡಿಯವನು ಒಂದು ದಿನ, ‘ಡಾಕ್ಟರ್ ಸಾಬ್, ವಯಸ್ಸಿನ ಮಿತಿ ದಾಟಿದೆ’ ಎಂದ.

ಕೂಟದ ಭಾನುವಾರ ಬಂತು. ಮಂಜು ಎಷ್ಟಿತ್ತೆಂದರೆ ಸಭಾಂಗಣದ ಕಿಟಕಿಗಳಿಗೆ ಬಿಳಿ ಬಟ್ಟೆ ಕಟ್ಟಿದಂತಿತ್ತು. ಮಧ್ಯಾಹ್ನದ ಚಾ ಮುಗಿದು ನಾನು ಎದ್ದು ನಿಂತೆ. ಫಿಲ್ಮಿನ ಸ್ಲೈಡು ಗೋಡೆಯ ಮೇಲೆ ಬಿತ್ತು. ಅದೇ ಹೊತ್ತಿಗೆ ಹಿಂದಿನ ಬಾಗಿಲು ತೆರೆಯಿತು. ಬಿಳಿ ಸೀರೆ, ಮೇಲೆ ಗಂಡಸರ ಕಂದು ಸ್ವೆಟರು, ತಲೆಗೆ ಮಫ್ಲರು, ಹಣೆಯಲ್ಲಿ ವಿಭೂತಿ. ಕೈಯಲ್ಲೊಂದು ಬಟ್ಟೆಚೀಲ. ಸೈಕಲ್ ರಿಕ್ಷಾದವನೊಬ್ಬ ದಾರಿ ತೋರಿಸಿ ಹೋದ. ಆಯಿ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಬಂದು, ಮೊದಲ ಸಾಲಿನಲ್ಲಿ ಚತುರ್ವೇದಿ ಸರ್ ಪಕ್ಕದಲ್ಲೇ ಕೂತರು. ಸರ್ ಎದ್ದು ಕೈಮುಗಿದು, ‘ಮಾತಾಜಿ?’ ಎಂದರು. ಆಯಿ ಗೋಡೆಯ ಮೇಲಿನ ಸ್ಲೈಡಿನ ಕಡೆ ಬೆರಳು ಮಾಡಿ, ತಮ್ಮ ಹಿಂದಿಯಲ್ಲಿ ‘ವೋ ಮೇರಾ ಹೈ’ ಎಂದರು.

ನಾನು ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ, ಎರಡು ಸಲ ಟಣ್ ಆದದ್ದು ನೆನಪಿದೆ. ಒಂದು ಸಲ ‘ಲೇಕಿನ್’ ಬಾಯಿಗೆ ಬಂದಿತ್ತು. ಇನ್ನೊಂದು ಸಲ ಬಂದಿರಲಿಲ್ಲ, ಬರುವ ಮುಖ ಮಾಡಿದ್ದೆನಂತೆ. ಉಬ್ಬು ಚುಕ್ಕೆಯ ವಿಷಯ ಹೇಳಿದೆ. ‘ಇದೂ’ ಅಂದದ್ದನ್ನೂ ಹೇಳಿದೆ. ದೀಪ ಹತ್ತಿತು. ಸರ್ ಆಯಿಯ ಕಡೆ ತಿರುಗಿ, ‘ಮಾತಾಜಿ, ತಾವೇನಾದರೂ ಹೇಳುವುದಿದೆಯೇ’ ಎಂದು ಕೇಳಿದರು.

‘ಐತಿ’ ಎಂದರು ಆಯಿ. ‘ಹಿಂದ್ಯಾಗ ಅಷ್ಟು ಬರೂದಿಲ್ಲ. ಇಂವಾ ತಿಳಿಸಿ ಹೇಳಲಿ.’

ಇಡೀ ಸಭೆಯಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ನನ್ನ ಮೇಲಿನ ದೂರನ್ನು ನಾನೇ ಹಿಂದಿಗೆ ತರಬೇಕಾದ ಪಾಳಿ.

‘ಹಲ್ಲು ಹೋತಂತ ಸಿಟ್ಟಿಲ್ಲ ನನಗ. ಈ ವಯಸ್ಸಿನಾಗ ಹಲ್ಲು ಹೋಗೂದ ಖರೆ. ಆ ಹಾಳ ಫಿಲ್ಮಿಗೆ ಮೂರು ಸಲ ಕೇಳ್ದಿ. ನನಗ ಒಂದು ಸಲನೂ ಕೇಳಲಿಲ್ಲ. ಬಾಯಿ ನಂದು. ಯಾವುದು ಕೀಳ್ತಿ ಅಂತ ಬೆರಳಿಟ್ಟು ತೋರಿಸಿದ್ದರ, ಬಡದು ನೋಡು ತಮ್ಮಾ, ಇದು ಗಟ್ಟಿ ಐತಿ ಅಂತಿದ್ದೆ. ಆಮ್ಯಾಲ ಗೊತ್ತಾಗಿನೂ ನಾಕು ವರ್ಷ ನನ್ನ ಮುಂದ ಹಲ್ಲು ಕಿಸಗೊಂತ ಕುಂತಿ. ನಾ ಊರ ಮಂದಿಗೆಲ್ಲಾ ನಿನ್ನ ಹೊಗಳಿಕೋತ ಅಡ್ಡಾಡಿದೆ. ಹುಚ್ಚಿ ಮಾಡ್ದಿ ನನ್ನ.’

ನಾನು ‘ತಮ್ಮನ್ನೂ ಒಂದು ಮಾತು ಕೇಳಬೇಕಿತ್ತು ಎನ್ನುತ್ತಿದ್ದಾರೆ’ ಎಂದು ಹಿಂದಿಯಲ್ಲಿ ಹೇಳಿದೆ.

ಟಣ್.

‘ಅವರು ಇಷ್ಟುದ್ದ ಹೇಳಿದರು. ನೀನು ಇಷ್ಟೇ ಹೇಳಿದೆ’ ಎಂದರು ಸರ್. ‘ಪೂರಾ ಹೇಳು ಬೇಟಾ.’

ಪೂರಾ ಹೇಳಿದೆ. ಹಲ್ಲು ಕಿಸಿದದ್ದನ್ನೂ, ಹುಚ್ಚಿ ಮಾಡಿದ್ದನ್ನೂ ಬಿಡದೆ. ನನ್ನ ಬಾಯಿಂದಲೇ ಬಂದಾಗ ಅದು ಎಷ್ಟು ನಿಜವಾಗಿತ್ತೆಂದರೆ, ಸೇರಿಸಲು ಒಂದು ‘ಲೇಕಿನ್’ ಕೂಡ ಉಳಿದಿರಲಿಲ್ಲ. ಆಯಿ ನನ್ನನ್ನೇ ನೋಡುತ್ತಿದ್ದರು. ಸೀರೆಯ ಸೆರಗು ಸರಿಮಾಡಿಕೊಂಡರು.

‘ಇನ್ನೊಂದೈತಿ. ಆ ಹಲ್ಲು ನಾ ಗಂಗಿಗೆ ಒಗದಿದ್ದೆ. ಕೆಟ್ಟದ್ದು, ಹುಳುಕಿದ್ದು ಗಂಗವ್ವಗ ಕೊಟ್ನೆಲ್ಲಾ ಅಂತ ಎದ್ಯಾಗ ಒಂದು ಮುಳ್ಳಿತ್ತು. ಕಾಶಿಗೆ ಬಂದರ ಪ್ರೀತೀದು ಕೊಡಬೇಕು, ಬ್ಯಾಡಾಗಿದ್ದಲ್ಲ. ಈಗ ತಿಳೀತು, ಚಲೋದು ಕೊಟ್ಟೀನಿ. ನನ್ನ ಮೈಯಾಗಿನ ಗಟ್ಟಿ ಹಲ್ಲು ಕೊಟ್ಟೀನಿ.’ ಮಫ್ಲರು ಬಿಗಿಮಾಡಿಕೊಂಡರು. ‘ಹಂಗಿದ್ದ ಮ್ಯಾಲ ಮಾವಿನಹಣ್ಣು ಯಾಕ ಬಿಡಬೇಕು? ಒಬ್ಬಾಕಿ ಎರಡೆರಡು ಯಾಕ ಕೊಡಬೇಕು? ಮಾವಿನಹಣ್ಣು ನಾ ತಿರುಗಿ ತಗೊಂಡೆ. ಇದನ್ನೂ ಹೇಳು ಅವರಿಗೆ, ಪೂರಾ.’

ಹೇಳಿದೆ. ಸಭೆ ನಗುವುದೋ ಬೇಡವೋ ಎಂದು ಸರ್ ಮುಖ ನೋಡಿತು. ಸರ್ ಟ್ರೇ ಕೆಳಗಿಟ್ಟು ಎದ್ದು, ಆಯಿಯ ಪಾದ ಮುಟ್ಟಿದರು. ನನ್ನ ಕಡೆ ತಿರುಗಿ, ‘ಇವರನ್ನು ಪ್ರತಿ ವರ್ಷ ಕರೆಸಬೇಕು. ನನ್ನ ಚಮಚಕ್ಕಿಂತ ಕೆಲಸ ಚೆನ್ನಾಗಿ ಮಾಡುತ್ತಾರೆ’ ಎಂದರು.

ನಾನಿನ್ನೂ ಆಯಿಯ ಎದುರು ನಿಂತೇ ಇದ್ದೆ. ಕ್ಷಮಿಸಿದರೋ ಇಲ್ಲವೋ ಎಂಬುದು ತಿಳಿದಿರಲಿಲ್ಲ. ಹಣ್ಣು ಸಿಕ್ಕಿತು ಸರಿ, ನಾನು? ಆಯಿ ಬಟ್ಟೆಚೀಲದೊಳಗೆ ಕೈಹಾಕಿ ತಡಕಾಡಿದರು. ಚಟ್ನಿಪುಡಿಯ ಡಬ್ಬಿ ಎಂದುಕೊಂಡೆ. ಬಂದದ್ದು ಗುಲಾಬಿ ಕನ್ನಡಿ.

‘ನಮ್ಮ ಯಜಮಾನರು ಹೋಗಿ ಮೂವತ್ತು ವರ್ಷಾತು. ಅಲ್ಲಿಂದ ಕನ್ನಡಿ ಹಿಡದಾಕಿ ಅಲ್ಲ. ವಿಭೂತಿ ಹಚ್ಚಾಕ ಕನ್ನಡಿ ಬೇಕಾ? ನಿನ್ನ ಸಲವಾಗಿ ಮೊನ್ನೆ ಗಲ್ಲ್ಯಾಗ ಹೋಗಿ ತಗೊಂಡೆ. ನೋಡ್ಕೊಂಡರ, ಇಲ್ಲಿ ನನ್ನ ಅವ್ವ ಕುಂತಾಳ’ ಎಂದು ಕನ್ನಡಿಯ ಮೇಲೆ ಬೆರಳಿಂದ ತಟ್ಟಿದರು. ಆಮೇಲೆ ಅಷ್ಟೂ ಡಾಕ್ಟರುಗಳ ಮುಂದೆ ಬಾಯಿ ತೆರೆದು, ಕನ್ನಡಿ ಹಿಡಿದು, ಅಕ್ಕಪಕ್ಕದ ಇಬ್ಬರನ್ನೂ ಕಳೆದುಕೊಂಡು ಒಂಟಿಯಾಗಿದ್ದ ನಡುವಿನ ದವಡೆಹಲ್ಲಿನ ಮೇಲೆ ಬೆರಳಿಟ್ಟರು. ‘ಇದು ಅಲ್ಲಾಡ್ತೈತಿ. ಸ್ವಾಮಾರ ಬೆಳಿಗ್ಗೆ ಬರ್ತೀನಿ. ನೀ ನೋಡಿ ಹೇಳು. ಕೀಳೂದೋ ಬಿಡೂದೋ ನಾ ಹೇಳ್ತೀನಿ.’

ಸೋಮವಾರ ಬಂದರು. ನೋಡಿದೆ. ಫಿಲ್ಮಿನ ಚುಕ್ಕೆಯನ್ನು ಅವರ ಬೆರಳಿಗೆ ಮುಟ್ಟಿಸಿಯೇ ನೋಡಿದೆ. ಉಳಿಸಬಹುದು ಎಂದೆ. ‘ಉಳಸು ಹಂಗಾರ’ ಎಂದರು. ಖಾಲಿ ಜಾಗದಾಚೆಯ ಹಲ್ಲಿನ ಆಸರೆಗೆ ತಂತಿಯಿಂದ ಕಟ್ಟಿ ಉಳಿಸಿದೆ. ತಿಂಗಳೊಪ್ಪತ್ತಿಗೆ ಮಠದ ಅಡುಗೆಯವರು ಬಂದರು, ಆಮೇಲೆ ಉಳಿದವರು. ಬಂದವರೆಲ್ಲ ಕುರ್ಚಿಯಲ್ಲಿ ಕೂತು ಮೊದಲು ಕೈಚಾಚಿ, ‘ಕನ್ನಡಿ ಎಲ್ಲಿ? ಕನ್ನಡಿ ಕೇಳು ಅಂದಾಳ ಆಯಿ’ ಎನ್ನತೊಡಗಿದರು. ನನ್ನ ಹತ್ತಿರ ಇರಲಿಲ್ಲ. ಮನೆಯ ಶೇವಿಂಗ್ ಕನ್ನಡಿ ತಂದಿಟ್ಟೆ.

ಜ್ಯೇಷ್ಠದಲ್ಲಿ ಒಂದು ಮಧ್ಯಾಹ್ನ ಆಯಿ ಮಹಡಿ ಹತ್ತಿ ಬಂದರು, ಸೆರಗಿನಲ್ಲಿ ಎರಡು ಲಂಗಡಾ ಮಾವು. ಹಲ್ಲು ನೋಡುವುದಿದೆಯೇ ಎಂದರೆ, ‘ಹಲ್ಲು ನೋಡೂದಲ್ಲ, ನಡಸೂದು ಐತಿ. ಏನರ ಆದರ ನೀ ಹತ್ರ ಇರಬೇಕು’ ಎಂದರು. ಹಲ್ಲಿನ ಕುರ್ಚಿಯಲ್ಲೇ ಕೂತು, ಒಂದನ್ನು ನನಗೆ ಕೊಟ್ಟು, ಇನ್ನೊಂದರ ತೊಟ್ಟು ಕಚ್ಚಿ ಉಗುಳಿ, ಹನ್ನೆರಡು ವರ್ಷದ ಮೇಲೆ ಮೊದಲ ತುತ್ತು ತಿಂದರು. ಓಟೆ ಬಿಳಿಯಾಗುವತನಕ ತಿಂದರು. ನಾನು ಅವರ ದವಡೆಯ ಕಡೆಯೇ ನೋಡುತ್ತಿದ್ದೆ, ಕಟ್ಟಿದ ಹಲ್ಲು ಸಡಿಲವಾದರೆ ಎಂದು, ನಾರು ಸಿಕ್ಕಿಕೊಂಡರೆ ಎಂದು, ಮುದುಕಿಗೆ ಸಕ್ಕರೆ ಏರಿದರೆ ಎಂದು.

ಮುಗಿದ ಮೇಲೆ ಆಯಿ ಚೀಲದಿಂದ ಗುಲಾಬಿ ಕನ್ನಡಿ ತೆಗೆದು, ಬಾಯಿ ತೆರೆದು, ತಮ್ಮ ಹಲ್ಲುಗಳನ್ನು ಒಂದೊಂದಾಗಿ ನೋಡಿಕೊಂಡರು. ಆಮೇಲೆ ಕನ್ನಡಿಯನ್ನು ನನ್ನ ಮುಖದ ಕಡೆ ತಿರುಗಿಸಿ ಹಿಡಿದರು.

‘ನೀನೂ ಒಂದೀಟು ನೋಡ್ಕೊ’ ಎಂದರು. ‘ಗದ್ದಕ್ಕ ರಸ ಹತ್ತೇತಿ. ಆವಾಗಿನಿಂದ ನನ್ನ ಬಾಯಿ ಕಾಯಾಕ ಹತ್ತೀ.’

ಕನ್ನಡಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳಲಿಲ್ಲ.